ಮೂರರ ನಾಡು: ವರ್ಮಾಂಟಿನ ಒಂದು ಪಟ್ಟಿಗೆ ವ್ಯಾಖ್ಯಾನ

2024ರ ನವೆಂಬರ್ 6, ಬೆಳಗಿನ ಐದೂವರೆ. ಒಲೆಯ ಮೇಲೆ ಹಾಲು ಇನ್ನೂ ಉಕ್ಕಿರಲಿಲ್ಲ, ಟಿ.ವಿ.ಯಲ್ಲಿ ಆಗಲೇ ಅಮೆರಿಕದ ನಕ್ಷೆಗೆ ಬಣ್ಣ ಬರತೊಡಗಿತ್ತು. ಅವರಿಗೆ ಅದು ಮಂಗಳವಾರ ಸಂಜೆ ಏಳು ಗಂಟೆ. ಮತಗಟ್ಟೆಯ ಬಾಗಿಲು ಮುಚ್ಚಿದ್ದೇ ತಡ, ಎಣಿಕೆಗೆ ಕಾಯುವ ಗೋಜಿಗೂ ಹೋಗದೆ ಮೇಲ್ತುದಿಯ ಒಂದು ಚೂರನ್ನು ನೀಲಿ ಮಾಡಿಬಿಟ್ಟರು: ವರ್ಮಾಂಟ್, ಕಮಲಾ ಹ್ಯಾರಿಸ್, 3. ನಿರೂಪಕ ಆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಪೆನ್ಸಿಲ್ವೇನಿಯಾದ ಕಡೆ ಹೊರಟುಹೋದ.

ನನ್ನ ಹತ್ತಿರ ಒಂದು ಹಳೆಯ ಡೈರಿ ಇದೆ. ಅದರ ಹಿಂದಿನ ಹಾಳೆಗಳಲ್ಲಿ ಈ ಪುಟ್ಟ ರಾಜ್ಯದ ಚುನಾವಣೆಗಳನ್ನು ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ವರ್ಷ, ಹೆಸರು, ಪಕ್ಷ, ಕೊನೆಗೊಂದು ಸಂಖ್ಯೆ. ಆ ಬೆಳಿಗ್ಗೆ ಅದಕ್ಕೆ ಇನ್ನೊಂದು ಸಾಲು ಸೇರಿತು. ಪಹಣಿಯಷ್ಟೇ ಒಣಗಿದ ಬರವಣಿಗೆ ಅದು. ಆದರೆ ಪಹಣಿಯ ಹಿಂದೆ ಎಂಥೆಂಥ ಜಗಳ ಅಡಗಿರುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದಲ್ಲವಲ್ಲ. ಕೊನೆಯ ಸಂಖ್ಯೆ ಎಲೆಕ್ಟರುಗಳದ್ದು: ಕಾಂಗ್ರೆಸ್ಸಿನ ಕೆಳಮನೆಯಲ್ಲಿ ರಾಜ್ಯಕ್ಕೆ ಎಷ್ಟು ಸದಸ್ಯರಿದ್ದಾರೋ ಅದಕ್ಕೆ ಇಬ್ಬರು ಸೆನೆಟರುಗಳನ್ನು ಕೂಡಿಸಿದರೆ ಬರುವ ಲೆಕ್ಕ. ಮೂರಕ್ಕಿಂತ ಕಡಿಮೆ ಯಾವ ರಾಜ್ಯಕ್ಕೂ ಇರಲು ಸಾಧ್ಯವಿಲ್ಲ.

ಈ ಪಟ್ಟಿಯನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ನೂರು ವರ್ಷ ಕಟ್ಟಾ ರಿಪಬ್ಲಿಕನ್ ಆಗಿದ್ದ ನಾಡು ಕಟ್ಟಾ ಡೆಮಾಕ್ರಟಿಕ್ ಆಗಿ ತಲೆಕೆಳಗಾಯಿತು. ನನಗೆ ಹಾಗೆ ಕಾಣುವುದಿಲ್ಲ. ಅವರು ಎತ್ತು ಬದಲಾಯಿಸಿರಬಹುದು, ಮೂಗುದಾರ ಹಿಡಿಯುವ ರೀತಿ ಬದಲಾಗಿಲ್ಲ. ಸಾಲು ಸಾಲಾಗಿ ನೋಡೋಣ.

1777. ವಿಂಡ್ಸರ್. ಸಂವಿಧಾನ. ಎಲೆಕ್ಟರ್: ಇಲ್ಲ.

‘ಇಲ್ಲ’ ಎಂದು ಬರೆದದ್ದು ಏಕೆಂದರೆ ಆಗ ವರ್ಮಾಂಟ್ ಅಮೆರಿಕದ ಒಳಗೇ ಇರಲಿಲ್ಲ. ಜಗಳ ಭೂಮಿಯದ್ದು. ಕನೆಕ್ಟಿಕಟ್ ನದಿಯ ಪಶ್ಚಿಮದ ಗುಡ್ಡಗಾಡನ್ನು ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನಿಂಗ್ ವೆಂಟ್‌ವರ್ತ್ 1749ರಿಂದ ಊರೂರಾಗಿ ಮಂಜೂರು ಮಾಡುತ್ತ ಬಂದ. ಮೊದಲ ಊರಿಗೆ ತನ್ನ ಹೆಸರನ್ನೇ ತಾಗಿಸಿ ಬೆನಿಂಗ್ಟನ್ ಎಂದ. ಪಕ್ಕದ ನ್ಯೂಯಾರ್ಕ್, ಅದು ನಮ್ಮ ನೆಲ ಎಂದಿತು. 1764ರಲ್ಲಿ ಇಂಗ್ಲೆಂಡಿನ ದೊರೆ ನ್ಯೂಯಾರ್ಕಿನ ಪರ ತೀರ್ಪು ಕೊಟ್ಟ. ಒಂದೇ ಜಮೀನು, ಎರಡು ಹಕ್ಕುಪತ್ರ. ದುಡ್ಡು ಕೊಟ್ಟು ಕಾಡು ಕಡಿದು ಕೂತ ರೈತ, ಮತ್ತೆ ದುಡ್ಡು ಕಟ್ಟು ಎಂದರೆ ಕಟ್ಟುತ್ತಾನೆಯೇ? ಈಥನ್ ಆಲನ್ ಮತ್ತು ಅವನ ‘ಗ್ರೀನ್ ಮೌಂಟನ್ ಬಾಯ್ಸ್’ ಅಳತೆಗೆ ಬಂದ ನ್ಯೂಯಾರ್ಕಿನವರನ್ನು ಬೀಚ್ ಮರದ ಬರಲಿನಿಂದ ಬಾರಿಸಿ ಕಳಿಸುತ್ತಿದ್ದರು. ಆ ಬಾಸುಂಡೆಗೆ ಅವರು ಇಟ್ಟ ಹೆಸರು ‘ಬೀಚ್ ಮೊಹರು’.

1777ರ ಜನವರಿಯಲ್ಲಿ ಅವರು, ನಾವು ನ್ಯೂಯಾರ್ಕಿಗೂ ಇಲ್ಲ, ದೊರೆಗೂ ಇಲ್ಲ ಎಂದು ಘೋಷಿಸಿದರು. ಜುಲೈನಲ್ಲಿ ವಿಂಡ್ಸರ್ ಊರಿನ ಎಲೈಜಾ ವೆಸ್ಟ್ ಎಂಬವನ ಹೆಂಡದಂಗಡಿಯಲ್ಲಿ ಕೂತು ಸಂವಿಧಾನ ಬರೆದರು. ಆಸ್ತಿ ಇರಲಿ ಬಿಡಲಿ ವಯಸ್ಕ ಗಂಡಸಿಗೆ ಮತ ಉಂಟು ಎಂದರು. ವಯಸ್ಕರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳಕೂಡದು ಎಂದರು. ಈ ಎರಡನೆಯದರ ಬಗ್ಗೆ ವರ್ಮಾಂಟಿನವರಿಗೆ ತುಂಬ ಹೆಮ್ಮೆ. ವ್ಯಾಖ್ಯಾನಕಾರ ಅದರ ಸಣ್ಣ ಅಕ್ಷರವನ್ನೂ ಓದಬೇಕು: ಗಂಡಿಗೆ 21, ಹೆಣ್ಣಿಗೆ 18 ಆಗುವವರೆಗೆ ಆ ರಕ್ಷಣೆ ತಾಗುತ್ತಿರಲಿಲ್ಲ. ಆ ಸಂದನ್ನು ತೇಪೆ ಹಾಕಿ ಮುಚ್ಚಿದ್ದು 2022ರಲ್ಲಿ, ಮತದಾರರ ಒಪ್ಪಿಗೆ ಪಡೆದು.

ಹದಿನಾಲ್ಕು ವರ್ಷ ಅದು ತನ್ನದೇ ನಾಣ್ಯ, ತನ್ನದೇ ಅಂಚೆ ಇಟ್ಟುಕೊಂಡ ಸ್ವತಂತ್ರ ರಾಜ್ಯ. ಗವರ್ನರನ ಅವಧಿ ಒಂದೇ ವರ್ಷ. ಇದರ ಮೇಲೆ, ಏಳು ವರ್ಷಕ್ಕೊಮ್ಮೆ ಹದಿಮೂರು ಜನರನ್ನು ಆರಿಸಿ ‘ಕೌನ್ಸಿಲ್ ಆಫ್ ಸೆನ್ಸರ್ಸ್’ ಎಂದು ಕೂರಿಸುತ್ತಿದ್ದರು. ಸರ್ಕಾರ ಸಂವಿಧಾನದಂತೆ ನಡೆಯಿತೇ ಎಂದು ಪರಿಶೀಲಿಸುವುದು ಅವರ ಕೆಲಸ. 1791ರ ಮಾರ್ಚ್ 4ರಂದು ವರ್ಮಾಂಟ್ ಹದಿನಾಲ್ಕನೆಯ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿತು. ಅದಕ್ಕೆ ಮುಂಚೆ ನ್ಯೂಯಾರ್ಕಿಗೆ 30,000 ಡಾಲರ್ ಕೊಟ್ಟು ಹಳೆಯ ವ್ಯಾಜ್ಯ ತೀರಿಸಿಕೊಳ್ಳಬೇಕಾಯಿತು. ಬೀಚ್ ಮೊಹರಿನಿಂದ ಶುರುವಾದದ್ದು ರಸೀದಿಯಲ್ಲಿ ಮುಗಿಯಿತು.

1832. ವಿಲಿಯಂ ವರ್ಟ್. ಆ್ಯಂಟಿ-ಮೇಸನಿಕ್ ಪಕ್ಷ. 7.

ಇಂಥ ಒಬ್ಬ ಮನುಷ್ಯ ಅಧ್ಯಕ್ಷ ಪದವಿಗೆ ನಿಂತಿದ್ದ ಎಂಬುದೇ ಅಮೆರಿಕದಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು. ಆ ವರ್ಷ ಆ್ಯಂಡ್ರೂ ಜಾಕ್ಸನ್‌ಗೆ 219 ಎಲೆಕ್ಟರುಗಳು, ಹೆನ್ರಿ ಕ್ಲೇಗೆ 49. ವರ್ಟ್‌ಗೆ ಸಿಕ್ಕಿದ್ದು ಏಳು, ಏಳೂ ವರ್ಮಾಂಟಿನವು.

ಕಾರಣ ಹುಡುಕಲು ನ್ಯೂಯಾರ್ಕಿನ ಬಟಾವಿಯಾಕ್ಕೆ ಹೋಗಬೇಕು. ಫ್ರೀಮೇಸನ್ನರ ಗುಟ್ಟುಗಳನ್ನು ಅಚ್ಚು ಹಾಕಿಸುತ್ತೇನೆಂದು ಹೊರಟ ವಿಲಿಯಂ ಮಾರ್ಗನ್ ಎಂಬವನು 1826ರಲ್ಲಿ ಅಪಹರಣವಾಗಿ ಮತ್ತೆ ಕಣ್ಣಿಗೆ ಬೀಳಲೇ ಇಲ್ಲ. ತನಿಖೆ ಮಾಡಬೇಕಾದ ನ್ಯಾಯಾಧೀಶರು, ಅಧಿಕಾರಿಗಳು ಹಲವರು ತಾವೇ ಮೇಸನ್ನರು. ಬಾಗಿಲು ಹಾಕಿಕೊಂಡು ಪ್ರಮಾಣ ಮಾಡುವವರ ಕೈಯಲ್ಲಿ ಊರಿನ ಅಧಿಕಾರ ಇರಬಹುದೇ ಎಂಬ ಕೋಪ ಎಲ್ಲಕ್ಕಿಂತ ಜೋರಾಗಿ ಹತ್ತಿಕೊಂಡದ್ದು ವರ್ಮಾಂಟಿನಲ್ಲಿ. ಆ ಕೋಪದಿಂದ ಹುಟ್ಟಿದ ಪಕ್ಷವೇ 1831ರಲ್ಲಿ ಬಾಲ್ಟಿಮೋರಿನಲ್ಲಿ ಅಮೆರಿಕದ ಮೊಟ್ಟಮೊದಲ ರಾಷ್ಟ್ರೀಯ ಪಕ್ಷ ಸಮಾವೇಶ ನಡೆಸಿ ಅಭ್ಯರ್ಥಿಯನ್ನು ಆರಿಸಿತು. ಇಂದಿನ ಬಲೂನು, ಬ್ಯಾಂಡು, ಭಾಷಣಗಳ ಜಾತ್ರೆಗೆಲ್ಲ ಮೂಲ ಅದು. ಅವರು ಆರಿಸಿದ ವರ್ಟ್ ಹಿಂದೊಮ್ಮೆ ತಾನೇ ಮೇಸನ್ ಆಗಿದ್ದವನು; ಆ ಸಂಘದ ಮೇಲೆ ಅವನಿಗೆ ಹೇಳಿಕೊಳ್ಳುವಂಥ ದ್ವೇಷವೂ ಇರಲಿಲ್ಲ. ವರ್ಮಾಂಟಿನವರಿಗೆ ಅದು ಅಡ್ಡಿಯಾಗಲಿಲ್ಲ.

ಈ ಸಾಲಿನಲ್ಲಿ ಗಮನಿಸಬೇಕಾದ ಪದ ‘ವರ್ಟ್’ ಅಲ್ಲ, ‘7’. ದೇಶವೆಲ್ಲ ಒಂದು ಕಡೆಯಾದರೂ ತಾವು ಏಳು ಮತವನ್ನು ಒಂದು ಕಡೆ ಇಟ್ಟು ಮನೆಗೆ ಹೋಗಿ ಮಲಗುವ ಅಭ್ಯಾಸ ಇಲ್ಲಿಂದ ಶುರು. 1812ರಲ್ಲಿ ಎಂಟಿದ್ದ ಎಲೆಕ್ಟರುಗಳು ಇಲ್ಲಿಗೆ ಏಳಾಗಿರುವುದನ್ನೂ ನೋಡಿ. ಕಲ್ಲುಗಾಡು ನೆಲ ಬಿಟ್ಟು ಜನ ಪಶ್ಚಿಮಕ್ಕೆ ಹೊರಟಿದ್ದರು. ಮುಂದಿನ ಸಾಲುಗಳಲ್ಲಿ ಆ ಸಂಖ್ಯೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ.

1853. ಗವರ್ನರ್ ಜಾನ್ ರಾಬಿನ್ಸನ್. ಡೆಮಾಕ್ರಟ್.

ಜನ ಹೆಚ್ಚು ಮತ ಕೊಟ್ಟದ್ದು ಇವನಿಗಲ್ಲ, ವ್ಹಿಗ್ ಪಕ್ಷದ ಇರಾಸ್ಟಸ್ ಫೇರ್‌ಬ್ಯಾಂಕ್ಸ್‌ಗೆ. ಸೇಂಟ್ ಜಾನ್ಸ್‌ಬರಿಯಲ್ಲಿ ತೂಕದ ಯಂತ್ರದ ದೊಡ್ಡ ಕಾರ್ಖಾನೆ ಇಟ್ಟಿದ್ದ ಮನೆತನ ಅದು. ಹಿಂದಿನ ವರ್ಷ ಗವರ್ನರ್ ಆಗಿದ್ದಾಗ ಮದ್ಯನಿಷೇಧದ ಕಾಯ್ದೆಗೆ ಸಹಿ ಹಾಕಿ ಅರ್ಧ ನಾಡಿನ ಸಿಟ್ಟು ಕಟ್ಟಿಕೊಂಡಿದ್ದ. ಹೆಚ್ಚು ಮತ ಬಂದವನೇ ಗೆದ್ದ ಎಂಬ ನಿಯಮ ವರ್ಮಾಂಟಿನಲ್ಲಿ ಗವರ್ನರಿಗೆ ಸಲ್ಲುವುದಿಲ್ಲ. ಚಲಾಯಿಸಿದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಬರಲೇಬೇಕು. ಬಾರದಿದ್ದರೆ ಶಾಸಕರು ಗುಪ್ತ ಮತದಿಂದ ಆರಿಸಬೇಕು. ಡೆಮಾಕ್ರಟರು ಮತ್ತು ಗುಲಾಮಗಿರಿ ವಿರೋಧಿ ಫ್ರೀ ಸಾಯಿಲ್ ಪಕ್ಷದವರು ಕೈಜೋಡಿಸಿ ರಾಬಿನ್ಸನ್ನನನ್ನು ಕೂರಿಸಿದರು. ಊರಿನ ಮೂಟೆಗಳನ್ನೆಲ್ಲ ತೂಗಿ ಕೊಡುತ್ತಿದ್ದವನು ತಾನೇ ತಕ್ಕಡಿ ಹತ್ತಿ ಹಗುರಾದ.

ಈ ನಿಯಮ ಇದಕ್ಕಿಂತ ದೊಡ್ಡ ಫಜೀತಿಯನ್ನೂ ತಂದದ್ದುಂಟು. 1835ರಲ್ಲಿ ಶಾಸಕರು ಅರವತ್ತಕ್ಕೂ ಹೆಚ್ಚು ಸುತ್ತು ಮತ ಹಾಕಿದರೂ ಗವರ್ನರ್ ಹುಟ್ಟಲಿಲ್ಲ. ಲೆಫ್ಟಿನೆಂಟ್ ಗವರ್ನರೇ ವರ್ಷ ದೂಡಿದ. ಆದರೂ ನಿಯಮವನ್ನು ಕಿತ್ತೆಸೆಯಲಿಲ್ಲ. ಇಂದಿಗೂ ಇದೆ. ಮತ್ತೆ ಎರಡು ಸಲ ಈ ವ್ಯಾಖ್ಯಾನದೊಳಗೆ ಬರಲಿದೆ.

ರಾಬಿನ್ಸನ್ ಆಳಿದ್ದು ಒಂದು ವರ್ಷ. ಅವನಾದ ಮೇಲೆ ಇನ್ನೊಬ್ಬ ಡೆಮಾಕ್ರಟ್ ಆ ಕುರ್ಚಿಯಲ್ಲಿ ಕೂರಲು ನೂರೊಂಬತ್ತು ವರ್ಷ ಹಿಡಿಯಿತು.

1860. ಲಿಂಕನ್. ರಿಪಬ್ಲಿಕನ್. 5.

ಲಿಂಕನ್‌ಗೆ ಬಂದದ್ದು ನೂರಕ್ಕೆ 75ಕ್ಕೂ ಮೇಲೆ. ಸೋತ ಪ್ರಮುಖ ಎದುರಾಳಿ ಸ್ಟೀಫನ್ ಡಗ್ಲಸ್ ವರ್ಮಾಂಟಿನ ಬ್ರ್ಯಾಂಡನ್ ಊರಿನಲ್ಲೇ ಹುಟ್ಟಿದವನು. ನಮ್ಮೂರ ಹುಡುಗ ಎಂಬ ಮಮಕಾರ ಇವರಲ್ಲಿ ಕೆಲಸ ಮಾಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಇಲಿನಾಯ್ಸ್‌ಗೆ ಹೋಗಿ ಗುಲಾಮಗಿರಿಯ ವಿಷಯದಲ್ಲಿ ಎರಡೂ ಕಡೆಗೆ ಒಂದೊಂದು ಮಾತಾಡುತ್ತಿದ್ದವನಿಗೆ ಹುಟ್ಟಿದೂರಿನ ಹಂಗು ಸಿಗಲಿಲ್ಲ.

ಮುಂದಿನ ನೂರು ವರ್ಷದ ರಿಪಬ್ಲಿಕನ್ ನಿಷ್ಠೆಯನ್ನು ಕಟ್ಟಿದ್ದು ಚುನಾವಣೆಗಿಂತ ಯುದ್ಧ. ಮೂರು ಲಕ್ಷದ ಚಿಲ್ಲರೆ ಜನಸಂಖ್ಯೆಯ ನಾಡಿನಿಂದ ಸುಮಾರು 34,000 ಮಂದಿ ಅಂತರ್ಯುದ್ಧಕ್ಕೆ ಹೋದರು. 5,000ಕ್ಕೂ ಹೆಚ್ಚು ಜನ ಸತ್ತರು. ಹೋಗಿಬಂದವರು ಲಿಂಕನ್ನನ ಪಕ್ಷ ಬಿಟ್ಟು ಬೇರೆಯದಕ್ಕೆ ಮತ ಹಾಕುವುದೆಂದರೆ ಸತ್ತವರಿಗೆ ಬೆನ್ನು ತೋರಿಸಿದಂತೆ ಎಂದುಕೊಂಡರು. ಅವರ ಮಕ್ಕಳು ಅದನ್ನು ಮನೆದೇವರ ಹಾಗೆ ನಡೆಸಿಕೊಂಡು ಬಂದರು.

ಈ ಸಾಲಿನ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ‘ಹೆಬ್ಬಾಳ’ ಎಂದು ಬರೆದುಕೊಂಡಿದ್ದೇನೆ. ಆ ಕಾಲದಲ್ಲಿ ವರ್ಮಾಂಟಿನಿಂದ ಕಾಂಗ್ರೆಸ್ಸಿಗೆ ಹೋಗಿದ್ದವನು ಜಸ್ಟಿನ್ ಮಾರಿಲ್, ಕಮ್ಮಾರನ ಮಗ, ಬಡತನದಿಂದ ಶಾಲೆ ಬೇಗ ಬಿಟ್ಟವನು. ಸರ್ಕಾರಿ ಜಮೀನನ್ನು ರಾಜ್ಯಗಳಿಗೆ ಕೊಟ್ಟು, ಅದರ ಹಣದಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ತೆರೆಯುವ ಅವನ ಕಾಯ್ದೆಗೆ ಲಿಂಕನ್ 1862ರಲ್ಲಿ ಸಹಿ ಹಾಕಿದ. ಪಾಠ, ಸಂಶೋಧನೆ, ರೈತನ ಹೊಲಕ್ಕೆ ಹೋಗಿ ಹೇಳಿಕೊಡುವುದು, ಈ ಮೂರನ್ನೂ ಒಂದೇ ಸೂರಿನಡಿ ಇಡುವ ಪದ್ಧತಿ ಆ ಕಾಲೇಜುಗಳಲ್ಲಿ ಬೆಳೆಯಿತು. ಅದೇ ಮಾದರಿಯಲ್ಲಿ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿತು, ಟೆನೆಸ್ಸಿ ವಿಶ್ವವಿದ್ಯಾನಿಲಯದ ನೆರವಿನೊಂದಿಗೆ. ಕೃಷಿ ಮೇಳದಲ್ಲಿ ಹೊಸ ರಾಗಿ ತಳಿಯ ಮುಂದೆ ನಿಂತು ತೆನೆ ಮುಟ್ಟಿ ನೋಡುವ ರೈತನಿಗೆ ಮಾರಿಲ್ ಯಾರೆಂದು ಗೊತ್ತಿರಬೇಕಾಗಿಲ್ಲ.

1912. ಟಾಫ್ಟ್. ರಿಪಬ್ಲಿಕನ್. 4.

ಥಿಯೊಡೋರ್ ರೂಸ್ವೆಲ್ಟ್ ಪಕ್ಷ ಒಡೆದು ಹೊರಬಂದ ವರ್ಷ. ಅಧಿಕಾರದಲ್ಲಿದ್ದ ಟಾಫ್ಟ್ ಇಡೀ ದೇಶದಲ್ಲಿ ಗೆದ್ದದ್ದು ಎರಡೇ ರಾಜ್ಯ: ಯೂಟಾ ಮತ್ತು ವರ್ಮಾಂಟ್. ಇಲ್ಲಿಯೂ ಅಂತರ ಸಾವಿರದ ಚಿಲ್ಲರೆ ಮತ ಅಷ್ಟೇ. ಪಟ್ಟಿ ‘4’ ಎಂದು ಗಟ್ಟಿಯಾಗಿ ಹೇಳುತ್ತದೆ. ಟಾಫ್ಟ್‌ಗೆ ಬಂದ ಮತ ನೂರಕ್ಕೆ 37 ಎಂಬುದನ್ನು ನುಂಗಿಕೊಳ್ಳುತ್ತದೆ.

1924. ಕೂಲಿಜ್. ರಿಪಬ್ಲಿಕನ್. 4.

ಈ ಸಾಲಿಗೆ ಚುನಾವಣೆಗಿಂತ ಅದರ ಹಿಂದಿನ ವರ್ಷದ ಒಂದು ರಾತ್ರಿ ಮುಖ್ಯ. 1923ರ ಆಗಸ್ಟ್ 2ರಂದು ಅಧ್ಯಕ್ಷ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಉಪಾಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ರಜೆಗೆಂದು ವರ್ಮಾಂಟಿನ ಪ್ಲಿಮತ್ ನಾಚ್ ಎಂಬ ಹಳ್ಳಿಯಲ್ಲಿ ಅಪ್ಪನ ಮನೆಯಲ್ಲಿದ್ದ. ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಸುದ್ದಿ ಹೊತ್ತವರು ಕತ್ತಲಲ್ಲಿ ಬಂದು ಬಾಗಿಲು ತಟ್ಟಿದರು. ಅಪ್ಪ ಎದ್ದು ಮಗನನ್ನು ಎಬ್ಬಿಸಿದ. ಅಪ್ಪ ಜಾನ್ ಕೂಲಿಜ್ ಊರಿನ ನೋಟರಿ. ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಮನೆಯ ಬೈಬಲ್ ಮೇಜಿನ ಮೇಲಿರಲು, ಅಪ್ಪ ಓದಿದ, ಮಗ ಹೇಳಿದ, ಅಮೆರಿಕಕ್ಕೆ ಹೊಸ ಅಧ್ಯಕ್ಷ ಸಿಕ್ಕಿದ. ಅಧ್ಯಕ್ಷರು ಮತ್ತೆ ಹೋಗಿ ಮಲಗಿದರು.

ರಾಜ್ಯದ ನೋಟರಿಯೊಬ್ಬ ದೇಶದ ಅಧ್ಯಕ್ಷನಿಗೆ ಪ್ರಮಾಣವಚನ ಬೋಧಿಸಬಹುದೇ ಎಂದು ವಾಷಿಂಗ್ಟನ್ನಿನ ವಕೀಲಬುದ್ಧಿಗೆ ಆಮೇಲೆ ಅನುಮಾನ ಬಂತು. ಅಲ್ಲಿ ನ್ಯಾಯಾಧೀಶರೊಬ್ಬರ ಮುಂದೆ ಸದ್ದಿಲ್ಲದೆ ಇನ್ನೊಮ್ಮೆ ಪ್ರಮಾಣ ಮಾಡಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಸೀಮೆಎಣ್ಣೆ ದೀಪದ್ದೇ. ಮರುವರ್ಷ ವರ್ಮಾಂಟ್ ಅವನಿಗೆ ನೂರಕ್ಕೆ 78 ಕೊಟ್ಟಿತು. ಈ ಸಲ ಮಾತ್ರ ಊರ ಹುಡುಗ ಎಂಬುದು ನಡೆಯಿತು, ಪಕ್ಷವೂ ಸರಿಯಾಗಿತ್ತಲ್ಲ!

1936. ಲ್ಯಾಂಡನ್. ರಿಪಬ್ಲಿಕನ್. 3.

ಪಟ್ಟಿಯಲ್ಲಿ ಬಲು ಪ್ರಸಿದ್ಧವಾದ ಸಾಲು ಇದು. ಫ್ರ್ಯಾಂಕ್ಲಿನ್ ರೂಸ್ವೆಲ್ಟ್ 46 ರಾಜ್ಯ ಗೆದ್ದ, 523 ಎಲೆಕ್ಟರು. ಆಲ್ಫ್ ಲ್ಯಾಂಡನ್‌ಗೆ ಉಳಿದದ್ದು ಮೇನ್‌ನ ಐದು, ವರ್ಮಾಂಟಿನ ಮೂರು. ಮೇನ್ ತನ್ನ ರಾಜ್ಯದ ಚುನಾವಣೆಯನ್ನು ಸೆಪ್ಟೆಂಬರಿನಲ್ಲೇ ಮುಗಿಸುತ್ತಿದ್ದುದರಿಂದ, ಮೇನ್ ಹೋದ ಹಾದಿಯಲ್ಲೇ ದೇಶ ಎಂಬ ಗಾದೆಯಿತ್ತು. ರೂಸ್ವೆಲ್ಟನ ಪ್ರಚಾರ ನಡೆಸಿದ ಜೇಮ್ಸ್ ಫಾರ್ಲಿ ಅದನ್ನು ತಿರುಚಿ, ಮೇನ್ ಹೋದ ಹಾದಿಯಲ್ಲೇ ವರ್ಮಾಂಟ್ ಎಂದು ಗೇಲಿ ಮಾಡಿದ. ರೂಸ್ವೆಲ್ಟ್ ನಾಲ್ಕು ಸಲ ನಿಂತ. ಈ ಎರಡು ರಾಜ್ಯಗಳನ್ನು ಒಮ್ಮೆಯೂ ಗೆಲ್ಲಲಿಲ್ಲ.

ಗುಡ್ಡದ ಜನ, ಯಾರ ಹಂಗೂ ಬೇಡದವರು, ಕೇಂದ್ರದ ದುಡ್ಡಿಗೆ ಕೈಚಾಚದವರು: ಹೀಗೊಂದು ಚಿತ್ರ ಈ ಸಾಲಿನಿಂದ ಹುಟ್ಟಿದೆ. ಅದಕ್ಕೆ ಆಧಾರ ಇಲ್ಲವೆಂದಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ, ಗ್ರೀನ್ ಮೌಂಟನ್ ಶ್ರೇಣಿಯುದ್ದಕ್ಕೂ ರಸ್ತೆ ಮಾಡಲು ಕೇಂದ್ರ ಕೊಡುತ್ತೇನೆಂದಿದ್ದ 1 ಕೋಟಿ 80 ಲಕ್ಷ ಡಾಲರನ್ನು ವರ್ಮಾಂಟಿನವರು ಊರೂರಲ್ಲಿ ಮತ ಹಾಕಿ ಬೇಡವೆಂದರು. ಆರ್ಥಿಕ ಮುಗ್ಗಟ್ಟಿನ ನಟ್ಟನಡುವೆ.

ಆದರೆ ಆ ‘ಊರೂರಲ್ಲಿ’ ಎಂಬ ಪದಕ್ಕೂ ಒಂದು ಟಿಪ್ಪಣಿ ಬೇಕು. ಮಾರ್ಚ್ ತಿಂಗಳ ಮೊದಲ ಮಂಗಳವಾರ ವರ್ಮಾಂಟಿನ ಊರುಗಳಲ್ಲಿ ‘ಟೌನ್ ಮೀಟಿಂಗ್’ ನಡೆಯುತ್ತದೆ. ಮೇಪಲ್ ಮರಗಳಿಗೆ ತೂತು ಕೊರೆದು ರಸಕ್ಕೆ ಬಕೆಟ್ ಕಟ್ಟುವ ಕಾಲ ಅದು. ದಾರಿಯೆಲ್ಲ ಕರಗಿದ ಹಿಮದ ಕೆಸರು. ಜನ ಬೂಟು ಒರೆಸಿಕೊಂಡು ಊರ ಹಾಲಿನಲ್ಲಿ ಕೂರುತ್ತಾರೆ. ನಮ್ಮ ಗ್ರಾಮಸಭೆಯ ಹಾಗೆ ಅಹವಾಲು ಕೇಳಿ, ಫಲಾನುಭವಿಗಳ ಪಟ್ಟಿ ಓದಿ ಕಳಿಸುವ ಸಭೆಯಲ್ಲ ಅದು, ಅವರೇ ಶಾಸನಸಭೆ. ರಸ್ತೆ ಸಮ ಮಾಡುವ ಯಂತ್ರ ಈ ವರ್ಷ ಕೊಳ್ಳಬೇಕೇ, ಹಳೆಯದನ್ನೇ ರಿಪೇರಿ ಮಾಡಿಸಬೇಕೇ ಎಂದು ಎದ್ದು ನಿಂತು ವಾದಿಸಿ ಕೈಯೆತ್ತಿ ತೀರ್ಮಾನಿಸುತ್ತಾರೆ. ಮಧ್ಯಾಹ್ನ ಮನೆಮನೆಯಿಂದ ತಂದದ್ದನ್ನು ಹಂಚಿಕೊಂಡು ಊಟ. ಮೂಗುದಾರ ಎಂದೆನಲ್ಲ, ಅದರ ಇನ್ನೊಂದು ತುದಿ ಈ ಹಾಲಿನಲ್ಲಿದೆ.

ಇನ್ನು ಪಟ್ಟಿ ಮುಚ್ಚಿಡುವುದನ್ನು ಹೇಳಬೇಕು. 1936ರಲ್ಲೂ ವರ್ಮಾಂಟಿನ ನೂರಕ್ಕೆ 43 ಮಂದಿ ರೂಸ್ವೆಲ್ಟ್‌ಗೇ ಹಾಕಿದ್ದರು. ವಿನೂಸ್ಕಿಯ ಗಿರಣಿಗಳಲ್ಲಿ ದುಡಿಯುವ ಫ್ರೆಂಚ್ ಕೆನಡಿಯನ್ನರು, ಬ್ಯಾರಿಯಲ್ಲಿ ಗ್ರಾನೈಟ್ ಕೆತ್ತುವ ಇಟಲಿಯವರು, ಸ್ಕಾಟರು ಈ ‘ಗುಡ್ಡದ ಜನ’ದ ಚಿತ್ರದಲ್ಲಿ ಸೇರುವುದೇ ಇಲ್ಲ. ಬ್ಯಾರಿಯ ಕೆಲಸಗಾರರು 1900ರಲ್ಲೇ ಸಮಾಜವಾದಿಗಳ ಸಭಾಭವನ ಕಟ್ಟಿಕೊಂಡಿದ್ದರು. ಆ ಊರಿನವರು ಸಮಾಜವಾದಿ ಮೇಯರನ್ನೂ ಆರಿಸಿದ್ದರು. ಗವರ್ನರ್ ಕುರ್ಚಿಯಂತೂ ಕೆಲವೇ ಮನೆಗಳ ಸ್ವತ್ತು. ‘ಮೌಂಟನ್ ರೂಲ್’ ಎಂಬ ಬರೆಯದ ಒಪ್ಪಂದವಿತ್ತು: ಈ ಸಲ ಪರ್ವತದ ಪೂರ್ವದವನು ಗವರ್ನರ್, ಮುಂದಿನ ಸಲ ಪಶ್ಚಿಮದವನು, ಸೆನೆಟರುಗಳಲ್ಲೂ ಆ ಕಡೆಗೊಬ್ಬ, ಈ ಕಡೆಗೊಬ್ಬ. ಪ್ರಾಕ್ಟರ್ ಎಂಬ ಅಮೃತಶಿಲೆ ಕಂಪನಿಯ ಮನೆತನ ಒಂದೇ ನಾಲ್ವರು ಗವರ್ನರುಗಳನ್ನು ಕೊಟ್ಟಿತು. ನಿಜವಾದ ಚುನಾವಣೆ ನಡೆಯುತ್ತಿದ್ದದ್ದು ಪಕ್ಷದೊಳಗೆ, ನವೆಂಬರಿನದು ಬರೀ ಶಾಸ್ತ್ರ. ಇದೇ ಸಜ್ಜನರ ಕೂಟ 1931ರಲ್ಲಿ ಸಂತಾನಹರಣದ ಕಾಯ್ದೆಯನ್ನೂ ಮಾಡಿತು. ಬಡವರು, ಅಂಗವಿಕಲರು, ಅಬೆನಾಕಿ ಮೂಲನಿವಾಸಿಗಳು ಅದಕ್ಕೆ ಗುರಿಯಾದರು. ಶಾಸನಸಭೆ ಕ್ಷಮೆ ಕೇಳಿದ್ದು 2021ರಲ್ಲಿ. ಸ್ವಾತಂತ್ರ್ಯಪ್ರಿಯ ಗುಡ್ಡದ ಜನ ಎಂಬ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಈ ಎರಡು ಇಸವಿ ನೆನಪಾಗುತ್ತವೆ.

ಕೂಟದೊಳಗೇ ಎದುರು ಮಾತಾಡುವವರೂ ಇದ್ದರು ಎನ್ನಬೇಕು. ಪಟ್ನಿ ಊರಿನ ತೋಟಗಾರ, ಕಾಡುಹೂವುಗಳ ಬಗ್ಗೆ ಪುಸ್ತಕ ಬರೆದ ಜಾರ್ಜ್ ಏಕನ್ ಗವರ್ನರ್ ಆಗಿ, ಮುಂದೆ 1941ರಿಂದ 34 ವರ್ಷ ಸೆನೆಟರ್ ಆಗಿದ್ದ. 1968ರ ಚುನಾವಣೆಗೆ ಅವನು ಖರ್ಚು ಮಾಡಿದ್ದು 17 ಡಾಲರ್ 9 ಸೆಂಟು. 1954ರಲ್ಲಿ, ಕಂಡವರನ್ನೆಲ್ಲ ಕಮ್ಯುನಿಸ್ಟ್ ಎನ್ನುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಆರ್ಭಟಕ್ಕೆ ಎದುರಾಗಿ ಸೆನೆಟ್ಟಿನಲ್ಲಿ ಖಂಡನಾ ನಿರ್ಣಯ ತಂದವನೂ ವರ್ಮಾಂಟಿನ ರಿಪಬ್ಲಿಕನ್ನನೇ, ರಾಲ್ಫ್ ಫ್ಲ್ಯಾಂಡರ್ಸ್.

1962. ಗವರ್ನರ್ ಫಿಲಿಪ್ ಹಾಫ್. ಡೆಮಾಕ್ರಟ್. 1964. ಜಾನ್ಸನ್. ಡೆಮಾಕ್ರಟ್. 3.

ಹಾಫ್ ಗೆದ್ದದ್ದು 1,315 ಮತದಿಂದ. ಗೆಲ್ಲಿಸಿದವರಲ್ಲಿ ತಮ್ಮ ಗವರ್ನರನ ಮೇಲೆ ಮುನಿಸಿಕೊಂಡ ರಿಪಬ್ಲಿಕನ್ನರೂ ಸೇರಿದ್ದರು. ಎರಡು ವರ್ಷದ ಮೇಲೆ ಬ್ಯಾರಿ ಗೋಲ್ಡ್‌ವಾಟರ್ ರಿಪಬ್ಲಿಕನ್ ಅಭ್ಯರ್ಥಿಯಾದಾಗ ವರ್ಮಾಂಟ್ ತನ್ನ ಇತಿಹಾಸದಲ್ಲೇ ಮೊದಲ ಸಲ ಡೆಮಾಕ್ರಟಿಕ್ ಪಕ್ಷಕ್ಕೆ ತಿರುಗಿತು, ಅದೂ ನೂರಕ್ಕೆ 66ರಂತೆ. 1968ರಲ್ಲಿ ಮತ್ತೆ ಹಳೇ ಮನೆಗೆ ಹೋಯಿತು. ಖಾಯಂ ಆಗಿ ಬಿಟ್ಟದ್ದು 1992ರಲ್ಲಿ.

ನನ್ನ ಮಟ್ಟಿಗೆ ಇವೆರಡಕ್ಕಿಂತ ದೊಡ್ಡ ಸಂಗತಿ 1965ರದ್ದು. ಅಲ್ಲಿಯವರೆಗೆ ರಾಜ್ಯದ ಕೆಳಮನೆಯಲ್ಲಿ 246 ಸದಸ್ಯರು, ಊರಿಗೊಬ್ಬ. 35,000 ಜನರ ಬರ್ಲಿಂಗ್ಟನ್‌ಗೂ ಒಂದೇ ಮತ. 1963ರವರೆಗೆ ಕರೆಂಟೇ ಕಾಣದ, ಮನೆಗಳನ್ನು ಬೆರಳಲ್ಲಿ ಎಣಿಸಬಹುದಾದ ವಿಕ್ಟರಿ, ಗ್ರ್ಯಾನ್‌ಬಿಗಳಿಗೂ ಒಂದೊಂದು ಮತ. ಒಬ್ಬರಿಗೆ ಒಂದು ಮತ ಎಂಬ ನ್ಯಾಯಾಲಯದ ತತ್ವದ ಪ್ರಕಾರ ಸದನ ತನ್ನನ್ನು ತಾನೇ 150ಕ್ಕೆ ಇಳಿಸಿಕೊಳ್ಳಬೇಕಾಯಿತು. ಅಂದರೆ ಆ 246ರಲ್ಲಿ ಸುಮಾರು ನೂರು ಮಂದಿ ತಮ್ಮ ಕುರ್ಚಿಯನ್ನು ತಾವೇ ಮಡಚಿಟ್ಟು ಮನೆಗೆ ಹೋಗಬೇಕಿತ್ತು.

ಆ ಹೊತ್ತಿಗೆ ಹೆದ್ದಾರಿಗಳು ಬಂದವು. ಬಾಸ್ಟನ್, ನ್ಯೂಯಾರ್ಕಿನ ಗದ್ದಲ ಬೇಡವೆಂದ ಹುಡುಗ ಹುಡುಗಿಯರು ಬಂದು ಹಳೆಯ ತೋಟ ಕೊಂಡು ಮೇಕೆ ಸಾಕಿದರು. 1960ರಲ್ಲಿ 3 ಲಕ್ಷ 90 ಸಾವಿರ ಇದ್ದ ಜನ 1980ಕ್ಕೆ 5 ಲಕ್ಷ 11 ಸಾವಿರ. ಬಂದವರೇ ನಾಡನ್ನು ಬದಲಾಯಿಸಿದರು ಎನ್ನುವುದು ವಾಡಿಕೆ, ಅದು ಅರ್ಧ ನಿಜ. ಬೇಕಾಬಿಟ್ಟಿ ಕಟ್ಟಡಗಳಿಗೆ ಕಡಿವಾಣ ಹಾಕಿದ 1970ರ ‘ಆ್ಯಕ್ಟ್ 250’ ತಂದವನು ಹಳೆಯ ಜಾಯಮಾನದ ರಿಪಬ್ಲಿಕನ್ ಗವರ್ನರ್ ಡೀನ್ ಡೇವಿಸ್.

1981. ಬರ್ಲಿಂಗ್ಟನ್ ಮೇಯರ್. ಬರ್ನಿ ಸ್ಯಾಂಡರ್ಸ್. ಪಕ್ಷೇತರ. ಅಂತರ: 10.

ಹತ್ತು ಸಾವಿರವಲ್ಲ, ಹತ್ತು ಮತ, ಮರುಎಣಿಕೆಯ ನಂತರ. ಅದಕ್ಕೆ ಮುಂಚೆ ಬ್ರೂಕ್ಲಿನ್ನಿನ ಈ ಮನುಷ್ಯ ‘ಲಿಬರ್ಟಿ ಯೂನಿಯನ್’ ಎಂಬ ಸಣ್ಣ ಪಕ್ಷದಿಂದ ರಾಜ್ಯಮಟ್ಟದಲ್ಲಿ ನಾಲ್ಕು ಸಲ ನಿಂತು ನಾಲ್ಕು ಸಲವೂ ಮಣ್ಣು ಮುಕ್ಕಿದ್ದ. ಐದು ಸಲ ಗೆದ್ದ ಡೆಮಾಕ್ರಟ್ ಮೇಯರ್ ಗೋರ್ಡನ್ ಪ್ಯಾಕೆಟ್ ಇವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸ್ಯಾಂಡರ್ಸ್ 1990ರಲ್ಲಿ ಕಾಂಗ್ರೆಸ್ಸಿಗೆ, 2006ರಲ್ಲಿ ಸೆನೆಟ್ಟಿಗೆ ಹೋದ, ಪಕ್ಷೇತರನಾಗಿಯೇ. 2016ರಲ್ಲಿ ಅಧ್ಯಕ್ಷ ಪದವಿಯ ಮತಪತ್ರದಲ್ಲಿ ಅವನ ಹೆಸರೇ ಇರಲಿಲ್ಲ. ವರ್ಮಾಂಟಿನ 18,000ಕ್ಕೂ ಹೆಚ್ಚು ಜನ ಕೈಯಾರೆ ಬರೆದು ಬಂದರು. ಏಳು ಎಲೆಕ್ಟರುಗಳನ್ನು ವರ್ಟ್‌ಗೆ ಕೊಟ್ಟವರ ಮರಿಮಕ್ಕಳಲ್ಲವೇ.

2001. ಸೆನೆಟರ್ ಜಿಮ್ ಜೆಫರ್ಡ್ಸ್. ರಿಪಬ್ಲಿಕನ್, ನಂತರ ಪಕ್ಷೇತರ.

ಸೆನೆಟ್ 50–50 ಆಗಿದ್ದಾಗ ಒಬ್ಬನೇ ಒಬ್ಬ ಪಕ್ಷ ಬಿಟ್ಟದ್ದರಿಂದ ಇಡೀ ಸದನ ಎದುರು ಪಕ್ಷದ ಕೈ ಸೇರಿತು. ರೆಸಾರ್ಟ್ ಇಲ್ಲದ ಪಕ್ಷಾಂತರ. ಮುಂದೆ ಹೋಗೋಣ.

2014. ಗವರ್ನರ್ ಪೀಟರ್ ಶಮ್ಲಿನ್. ಡೆಮಾಕ್ರಟ್. ನೂರಕ್ಕೆ 46.

ಅರ್ಧ ಮುಟ್ಟಲಿಲ್ಲ. 1853ರ ನಿಯಮ ಎದ್ದು ಕೂತಿತು. ಎದುರಾಳಿ ಸ್ಕಾಟ್ ಮಿಲ್ನ್ ಎರಡೂವರೆ ಸಾವಿರಕ್ಕೂ ಕಡಿಮೆ ಮತದಿಂದ ಹಿಂದಿದ್ದ. ಸೋಲೊಪ್ಪದೆ, ಶಾಸಕರು ತೀರ್ಮಾನಿಸಲಿ ಎಂದ. 2015ರ ಜನವರಿಯಲ್ಲಿ ರಾಜಧಾನಿ ಮಾಂಟ್‌ಪೀಲಿಯರ್‌ನ ಸದನದಲ್ಲಿ ಚೀಟಿ ಹಾಕಿದರು: 110–69, ಶಮ್ಲಿನ್. ಗುಪ್ತ ಮತವಾದ್ದರಿಂದ ಯಾರು ತಮ್ಮ ಕ್ಷೇತ್ರದ ಮಾತು ಕೇಳಿದರು, ಯಾರು ಪಕ್ಷದ ಮಾತು ಕೇಳಿದರು ಎಂಬುದು ಚೀಟಿಯೊಂದಿಗೇ ಹೋಯಿತು. ಎಲ್ಲವನ್ನೂ ಬಯಲಲ್ಲಿ ಕೈಯೆತ್ತಿ ಮಾಡುವ ನಾಡು ಇದೊಂದನ್ನು ಮಾತ್ರ ಬಾಗಿಲು ಮುಚ್ಚಿಕೊಂಡು ಮಾಡುವುದು ನನಗೆ ಇಂದಿಗೂ ಬಿಡಿಸಲಾಗದ ಒಗಟು. ಮೇಸನ್ನರು ಕೇಳಿದರೆ ನಕ್ಕಾರು.

2024. ಹ್ಯಾರಿಸ್. ಡೆಮಾಕ್ರಟ್. 3. ಗವರ್ನರ್ ಫಿಲ್ ಸ್ಕಾಟ್. ರಿಪಬ್ಲಿಕನ್. ನೂರಕ್ಕೆ 73.

ನನ್ನ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಬರುವುದು ಇದೊಂದೇ ಸಾಲಿನಲ್ಲಿ. ಅದು ಪಟ್ಟಿಯದಷ್ಟೇ ತಪ್ಪಲ್ಲ. ದೇಶದಲ್ಲೇ ಮೊದಲ ಬಾರಿಗೆ ಮಹಿಳೆಯೊಬ್ಬರನ್ನು, ಕಾನ್ಸ್ಯುಎಲೊ ಬೇಲಿ ಅವರನ್ನು, ಲೆಫ್ಟಿನೆಂಟ್ ಗವರ್ನರ್ ಆಗಿ ಆರಿಸಿದ್ದು 1954ರ ವರ್ಮಾಂಟ್. ಆದರೆ ಕಾಂಗ್ರೆಸ್ಸಿಗೆ ಒಬ್ಬ ಮಹಿಳೆಯನ್ನು ಕಳಿಸುವುದರಲ್ಲಿ ಐವತ್ತು ರಾಜ್ಯಗಳಲ್ಲಿ ಕಟ್ಟಕಡೆಯದೂ ಅದೇ. ಬೆಕ್ಕಾ ಬ್ಯಾಲಿಂಟ್ ಗೆದ್ದದ್ದು 2022ರಲ್ಲಿ.

ಬೆಳಗಿನ ಐದೂವರೆಗೆ ಟಿ.ವಿ. ತೋರಿಸಿದ್ದು ಈ ಸಾಲಿನ ಮೊದಲರ್ಧ. ಹ್ಯಾರಿಸ್‌ಗೆ ನೂರಕ್ಕೆ 63. ಅದೇ ಮತಪತ್ರದಲ್ಲಿ ಸ್ವಲ್ಪ ಕೆಳಗೆ ರಿಪಬ್ಲಿಕನ್ ಫಿಲ್ ಸ್ಕಾಟ್‌ಗೆ ಅದಕ್ಕಿಂತ ಹತ್ತು ಹೆಚ್ಚು. ಬ್ಯಾರಿಯ ಥಂಡರ್ ರೋಡ್ ಟ್ರ್ಯಾಕಿನಲ್ಲಿ ಕಾರ್ ರೇಸ್ ಓಡಿಸುವ ಈ ಮನುಷ್ಯ ತಾನೂ ಹ್ಯಾರಿಸ್‌ಗೇ ಮತ ಹಾಕಿದೆನೆಂದು ಬಹಿರಂಗವಾಗಿ ಹೇಳಿದ. ಸ್ಕಾಟ್ 2016ರಿಂದ ಐದನೆಯ ಸಲ ಗೆದ್ದ ಎಂದು ಓದಿದಾಗ ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ವರ್ಷದ ಆಳ್ವಿಕೆ ಎನಿಸುತ್ತದೆ. ಅಲ್ಲ. ಗವರ್ನರನ ಅವಧಿ ಒಂದು ವರ್ಷದಿಂದ ಎರಡಕ್ಕೆ ಏರಿದ್ದು 1870ರಲ್ಲಿ. ಅಲ್ಲಿಂದ ಒಂದು ದಿನವೂ ಮುಂದೆ ಹೋಗಿಲ್ಲ. ಇಂದು ಎರಡು ವರ್ಷಕ್ಕೊಮ್ಮೆ ಗವರ್ನರನನ್ನು ಆರಿಸುವುದು ವರ್ಮಾಂಟ್ ಮತ್ತು ನೆರೆಯ ನ್ಯೂ ಹ್ಯಾಂಪ್‌ಶೈರ್ ಮಾತ್ರ. ಪ್ರತಿ ಎರಡನೇ ವರ್ಷ ಬಂದು ಬಾಗಿಲಲ್ಲಿ ನಿಂತು ಕೇಳು ಎಂದ ಮೇಲೆ, ಕೇಳುವವನು ಯಾವ ಪಕ್ಷದವನಾದರೆ ಏನು ಎಂಬ ಧೈರ್ಯ ಅವರದು. ಶಾಲೆಗಳ ಖರ್ಚಿಗಾಗಿ ಆಸ್ತಿ ತೆರಿಗೆ ಆ ವರ್ಷ ಸರಾಸರಿ ನೂರಕ್ಕೆ 14ರಷ್ಟು ಏರಿದ್ದಕ್ಕೆ ಶಾಸನಸಭೆಯ ಡೆಮಾಕ್ರಟರು ಹತ್ತಾರು ಸ್ಥಾನ ಕಳೆದುಕೊಂಡರು. ಲೆಫ್ಟಿನೆಂಟ್ ಗವರ್ನರ್ ಸ್ಪರ್ಧೆಯಲ್ಲಿ ಯಾರಿಗೂ ಅರ್ಧ ಬರಲಿಲ್ಲ. ಮತ್ತೆ ಜನವರಿ, ಮತ್ತೆ ಚೀಟಿ. ಹಿಂದೆ ಡೆಮಾಕ್ರಟ್ ಆಗಿದ್ದು ಈಗ ರಿಪಬ್ಲಿಕನ್ ಆಗಿರುವ ಜಾನ್ ರಾಜರ್ಸ್ ಆ ಕುರ್ಚಿಗೆ ಬಂದ.

ಅದರ ಮುಂದಿನ ಟೌನ್ ಮೀಟಿಂಗ್ ಬಿದ್ದದ್ದು 2025ರ ಮಾರ್ಚ್ 4ರಂದು, 234 ವರ್ಷದ ಹಿಂದೆ ವರ್ಮಾಂಟ್ ಒಕ್ಕೂಟ ಸೇರಿದ ಅದೇ ತಾರೀಖು. ರಾಜ್ಯದ ಕಾನೂನು ಪುಸ್ತಕದಲ್ಲಿ ಈ ಸಭೆಯಾದ ಮೇಲೆ ಊರಿನ ಮುಖಂಡರು ಮಾಡುವ ನೇಮಕಗಳ ಪಟ್ಟಿಯೊಂದಿದೆ. ಕಲ್ಲಿದ್ದಲು ತೂಗುವವನೊಬ್ಬ, ಮರಮುಟ್ಟು ಪರೀಕ್ಷಿಸುವವನೊಬ್ಬ, ನೆರೆಹೊರೆಯ ಹೊಲದವರು ಜಗಳವಾಡಿದಾಗ ಹೋಗಿ ಬೇಲಿ ನೋಡಿ ಹೇಳುವವರು. ಊರಿನಲ್ಲಿ ಕಲ್ಲಿದ್ದಲೂ ಇಲ್ಲದಿರಬಹುದು, ದನವೂ ಇಲ್ಲದಿರಬಹುದು. ಬೇಲಿ ನೋಡುವವರ ಸಂಖ್ಯೆಯನ್ನು ಮಾತ್ರ ಕಾನೂನು ಸ್ಪಷ್ಟವಾಗಿ ಬರೆದಿಟ್ಟಿದೆ: 3.